ಸೈಕಲ್ ಅಂಗಡಿಯ ಹಾಡು

“ಅಪ್ಪಾ, ಆ ಅಳುಬುರುಕ ಹಾಡು ನಿಲ್ಲಿಸು! ಕಿವಿ ನೋಯ್ತಿದೆ!”

ಅಪ್ಪನ ಒಂದು ಕೆನ್ನೆಯ ತುಂಬ ಸೋಪಿನ ನೊರೆ. “ಇನ್ನು ಸ್ವಲ್ಪಾನೇ ಇರೋದು ಕಣೇ, ಪಟಾಕಿ.”

ಮಾತಿಗೆ ಮುಂಚೆ ಸಿಡಿಯುವ ಮಗಳಿಗೆ ಅಪ್ಪನೇ ಇಟ್ಟ ಹೆಸರು ಅದು.

“ದಿನಾ ಇದೇ! ಈ ಹಾಡಿಗೆ ನಿನಗಿಂತ ಜಾಸ್ತಿ ವಯಸ್ಸಾಗಿದೆ!” ಪಟಾಕಿ ಫೋನ್ ಎತ್ತಿಕೊಂಡು ಹಾಡನ್ನು ಆಫ್ ಮಾಡಿಯೇ ಬಿಟ್ಟಳು.

ಅಪ್ಪ ಕನ್ನಡಿಯ ಕಡೆ ತಿರುಗಿ ಗಡ್ಡ ಹೆರೆಯತೊಡಗಿದ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಅವಳ ಸಿಟ್ಟು ಹಾಡಿನ ಮೇಲಷ್ಟೇ ಅಲ್ಲ. ಅಪ್ಪನಿಗೆ ಬೇರೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿ, ಎಲ್ಲರೂ ಈ ಮನೆಗೆ ಬಂದು ತಿಂಗಳಾಗಿತ್ತು. ಹೊಸ ಸ್ಕೂಲಿನಲ್ಲಿ ಪಕ್ಕ ಕೂರುವ ಹುಡುಗಿ ಇದುವರೆಗೆ ಆಡಿದ ಮಾತು ಒಂದೇ: “ಸ್ವಲ್ಪ ಸರಿ.”

ಸಂಜೆ ಅಮ್ಮ ಯೂನಿಫಾರ್ಮಿಗೆ ಗುಂಡಿ ತರಲು ಕಳಿಸಿದಳು. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಪಟಾಕಿ ಗಕ್ಕನೆ ನಿಂತಳು. ಒಳಗೆ ರೇಡಿಯೋದಲ್ಲಿ ಒಂದು ಹಾಡು ಬರುತ್ತಿತ್ತು. ಸೈಕಲ್ ಅಂಕಲ್ ಹಾಡು!

ಹಳೇ ಮನೆಯ ಕೆಳಗೆ ಸೈಕಲ್ ರಿಪೇರಿ ಅಂಗಡಿ. ಅಂಕಲ್ ದಿನಾ ಸಂಜೆ ಇದನ್ನೇ ಜೋರಾಗಿ ಹಾಕಿ, ಜೊತೆಗೆ ತಾವೂ ಅಪಸ್ವರದಲ್ಲಿ ಹಾಡುತ್ತಿದ್ದರು. ಪಟಾಕಿ ಕಿವಿಗೆ ದಿಂಬು ಒತ್ತಿಕೊಂಡು ಲೆಕ್ಕ ಮಾಡುತ್ತಿದ್ದಳು. ಅವಳಿಗೆ ಈ ಹಾಡು ಕಂಡರೇ ಆಗುತ್ತಿರಲಿಲ್ಲ.

ಈಗ ನೋಡಿದರೆ, ಮೂಗಿಗೆ ಪಂಕ್ಚರ್ ಅಂಟಿಸುವ ರಬ್ಬರ್ ಸೊಲ್ಯೂಷನ್ ವಾಸನೆ ಬಂದಂತಾಯಿತು. ಟ್ಯೂಬನ್ನು ನೀರಿನ ಟಬ್ಬಿನಲ್ಲಿ ಮುಳುಗಿಸಿ “ಗುಳ್ಳೆ ಎಲ್ಲಿದೆ ಹುಡುಕು ನೋಡೋಣ” ಎನ್ನುವ ಅಂಕಲ್. ಸ್ಕಿಪ್ಪಿಂಗ್ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಕಾಯುವ ಗೆಳತಿ. ಎಲ್ಲ ಕಣ್ಣಮುಂದೆ ಬಂದು ನಿಂತವು.

“ಏನು ಬೇಕು ಮರಿ?” ಅಂಗಡಿಯಾಕೆ ಕೇಳಿದರು.

“ಎರಡು ಬಿಳಿ ಗುಂಡಿ. ಆಂಟಿ, ಹಾಡು ಮುಗಿಯೋವರೆಗೂ ಇಲ್ಲೇ ನಿಂತ್ಕೊಳ್ಲಾ?”

“ನಿಂತ್ಕೋ. ನಮ್ಮಲ್ಲಿ ಹಾಡಿಗೆ ಬಾಡಿಗೆ ಇಲ್ಲ.”

ಪಟಾಕಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಎರಡೂ ಒಟ್ಟಿಗೆ ಹೇಗೆ ಬಂದವೋ ಅವಳಿಗೇ ತಿಳಿಯಲಿಲ್ಲ.

ಮನೆಗೆ ಬಂದಾಗ ಅಪ್ಪ ಬೆರಳಿನ ಇಂಕ್ ಉಜ್ಜಿ ತೊಳೆಯುತ್ತಿದ್ದ.

“ಅಪ್ಪಾ, ಬೆಳಗ್ಗಿನ ಹಾಡು ಹಾಕು.”

“ಯಾಕೆ, ಕಿವಿ ನೋವು ಹೋಯ್ತಾ?”

ಪಟಾಕಿ ನಗಲಿಲ್ಲ. “ನೀನು ಆ ಹಾಡನ್ನ ಎಲ್ಲಿ ಕೇಳ್ತಿದ್ದೆ? ಜೊತೇಲಿ ಯಾರಿದ್ರು?”

ಅಪ್ಪ ಅವಳನ್ನೇ ನೋಡಿದ. ಹೀಗಂತ ಅವನನ್ನು ಯಾರೂ ಕೇಳಿರಲಿಲ್ಲ.

“ಹಾಸ್ಟೆಲ್ ಟೆರೇಸಲ್ಲಿ. ಐದು ಜನಕ್ಕೆ ಒಂದೇ ರೇಡಿಯೋ. ಒಬ್ಬ ಉದ್ದನೆಯವನಿದ್ದ, ಅವನನ್ನ ಏಣಿ ಅಂತಿದ್ವಿ. ಹಾಡೋಕೆ ಶುರು ಮಾಡಿದ್ರೆ ನಾಯಿಗಳೆಲ್ಲ ಓಡಿಹೋಗ್ತಿದ್ವು!”

“ನಮ್ಮ ಸೈಕಲ್ ಅಂಕಲ್ ಥರಾನೇ!”

“ಅವರು ಹೇಗೆ ಹಾಡ್ತಿದ್ರು? ನಾನು ಪ್ರೆಸ್ಸಿಂದ ಬರೋಷ್ಟರಲ್ಲಿ ಅಂಗಡಿ ಮುಚ್ಚಿರ್ತಿತ್ತು.”

ಪಟಾಕಿ ಗಂಟಲು ಸರಿಮಾಡಿಕೊಂಡಳು. ಕೈಲಿದ್ದ ಗುಂಡಿಗಳನ್ನು ಮೇಜಿನ ಮೇಲಿಟ್ಟು, ಒಂದು ಸಾಲೂ ತಪ್ಪದಂತೆ, ಬೇಕಂತಲೇ ಅಪಸ್ವರದಲ್ಲಿ ಹಾಡತೊಡಗಿದಳು.