ಗಾಜಿನೊಳಗೆ ಏಳು ಗ್ಯಾಲನ್

ಸೆಪ್ಟೆಂಬರ್ ಎರಡನೆಯ ವಾರ, ಬೆಳಗಿನ ಹನ್ನೊಂದು ಗಂಟೆ. ಒಕ್ಲಹೋಮದ ಪಡುವಣ ತುದಿಯಲ್ಲಿ ಆ ಹೊತ್ತಿಗೆ ಗಾಳಿ ಎದ್ದೇ ಇರುತ್ತದೆ. ಅಂದು ಎದ್ದಿರಲಿಲ್ಲ. ಹೆದ್ದಾರಿ ಆರು ಮೈಲಿ ಆಚೆಗೆ ಸರಿದ ಮೇಲೆ ಯಾರೂ ನಿಲ್ಲದ ಹಳೆಯ ಪೆಟ್ರೋಲ್ ಬಂಕಿನ ಮುಂದೆ ಹಳೆಯ ಪಂಪುಗಳನ್ನು ಕೊಂಡು ಮಾರುವ ವರ್ನನ್ ಪ್ರಾಥರ್ ತನ್ನ ಟ್ರಕ್ಕು ನಿಲ್ಲಿಸಿದ. ಬಂಕಿನ ಒಡೆಯ ಓಡೆಲ್ ಹಸ್ಕಿನ್ಸ್, ಅರವತ್ತೈದರ ಒಣಕಲು ಮನುಷ್ಯ, ಅವನು ಕೆಳಗಿಳಿಯುವ ಮೊದಲೇ ಹೇಳಿದ:

"ನೋಡು, ಅಳೆ, ಫೋಟೋ ತೆಗಿ. ಆ ಪಂಪಿನ ಹಿಡಿ ಮಾತ್ರ ಎಳೀಬೇಡ, ತಮ್ಮಾ."

"ಎಳೆದ್ರೆ ಏನಾಗುತ್ತೆ?"

"ಎಳೀಬೇಡ ಅಂದೆ."

"ಯಜಮಾನ್ರೇ, ಹಳೇ ಪಂಪು ಇರೋ ಕಡೆಯೆಲ್ಲ ಒಂದು ದೆವ್ವಾನೂ ಇಟ್ಕೊಂಡಿರ್ತೀರಿ. ದೆವ್ವಕ್ಕೆ ಬೇರೆ ದುಡ್ಡು ಕೊಡಲ್ಲ ನಾನು, ಈಗ್ಲೇ ಹೇಳಿದೀನಿ."

ಟ್ರಕ್ಕಿನೊಳಗೆ ಕೂತಿದ್ದ ಅವನ ಹೆಂಡತಿ ಲೊರೆಟಾ ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಅವರ ಒಬ್ಬಳೇ ಮಗಳು ಜೊಲೀನ್ ಹತ್ತೊಂಬತ್ತಕ್ಕೇ ತೀರಿಕೊಂಡಿದ್ದಳು. ಅಂದಿನಿಂದ ವರ್ನನ್ ಮನೆಯಲ್ಲಿ ಒಂದು ವಾರ ನೆಟ್ಟಗೆ ಕೂತವನಲ್ಲ. ಎಲ್ಲಿ ಹಳೆಯ ಪಂಪಿದೆ ಎಂದು ಕಿವಿಗೆ ಬಿದ್ದರೂ ಹೊರಟುಬಿಡುತ್ತಿದ್ದ. ಎದೆಗೂಡಿನ ಕೆಳಗೆ ಕಲ್ಲೊಂದು ಕೂತಿತ್ತು. ತಣ್ಣನೆಯ ಕಬ್ಬಿಣ ಮುಟ್ಟಿದಾಗ ಮಾತ್ರ ಅದು ಒಂದಿಷ್ಟು ಹಗುರಾಗುತ್ತಿತ್ತು. ಲೊರೆಟಾ ಕೇಳುತ್ತಿದ್ದದ್ದು ಒಂದೇ. ಕೂತು ಮಗಳ ವಿಷಯ ಒಂದು ಸಲ ಮಾತಾಡು, ಇಬ್ಬರೂ ಜೊತೆಗೆ ಒಂದು ಸಲ ಅಳೋಣ. ಬರುವ ವಾರ, ಎನ್ನುತ್ತಿದ್ದ. ಬೆಳಿಗ್ಗೆ ದಾರಿಯಲ್ಲಿ ಅವಳು ಕೊನೆಯ ಮಾತು ಆಡಿದ್ದಳು: "ನನಗೆ ಒಬ್ಬಳಿಗೇ ಇದನ್ನ ಹೊರೋಕಾಗಲ್ಲ, ವರ್ನ್. ನೀನು ಹೊರಲ್ಲ ಅಂದ್ರೆ ನಾನು ತಂಗಿ ಮನೆಗೆ ಹೋಗ್ತೀನಿ." ವರ್ನನ್ ರೇಡಿಯೋ ಹಾಕಿದ್ದ.

ಪಂಪು ಆಳೆತ್ತರಕ್ಕಿಂತ ಒಂದೂವರೆ ಪಟ್ಟು ಎತ್ತರ. ಕೆಳಗೆ ಎರಕದ ಕಬ್ಬಿಣದ ಕಂಬ, ತಲೆಯ ಮೇಲೆ ದಪ್ಪ ಗಾಜಿನ ಕೊಳಗ, ಒಳಗೆ ಒಂದರಿಂದ ಹತ್ತರವರೆಗೆ ಗ್ಯಾಲನ್ ಬಿಲ್ಲೆಗಳು. ಪಕ್ಕದ ಉದ್ದನೆಯ ಹಿಡಿಯನ್ನು ಹಿಂದೆ ಮುಂದೆ ಎಳೆದರೆ ನೆಲದಡಿಯ ತೊಟ್ಟಿಯಿಂದ ಪೆಟ್ರೋಲು ಗಾಜಿಗೆ ಏರುವುದು. ಗಿರಾಕಿ ಕಣ್ಣಾರೆ ನೋಡಿದ ಮೇಲೆ ಕಾರಿಗೆ ಇಳಿಯುವುದು. ಕಂಬದ ಮೇಲೆ ನಲ್ಲಿಯ ತಿರುಪಿನಂಥ ಒಂದು ಕೀಲಿ, ಅದನ್ನು ತಿರುಗಿಸಿದರೆ ಗಾಜಿನಲ್ಲಿದ್ದದ್ದು ತೊಟ್ಟಿಗೇ ವಾಪಸ್. ವರ್ನನ್ ಕೈ ಮೇಲಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡು ಗಾಜಿನ ಮೇಲೆ ಹೆಬ್ಬೆರಳು ಆಡಿಸಿದ. ಗಾಜಿನಲ್ಲಿ ನೀರಿನ ಅಲೆಯಂಥ ಉಬ್ಬುತಗ್ಗು, ಎರಡು ಗುಳ್ಳೆ: ಹಳೆಯದೇ. ಉಗುರಿನಿಂದ ತಟ್ಟಿದ, ಗಂಟೆಯಂತೆ ನುಡಿಯಿತು. ತಯಾರಕರ ತಗಡಿಗೆ ಹಿತ್ತಾಳೆಯ ಮೊಳೆ, ತಲೆಯ ಮೇಲೆ ಸುತ್ತಿಗೆಯ ಗುರುತು. ಯಾರೂ ಕಿತ್ತು ಮತ್ತೆ ಕೂರಿಸಿದ್ದಲ್ಲ. ಕಂಬದ ಪುಟ್ಟ ಬಾಗಿಲಿನ ಒಳಮೂಲೆಯಲ್ಲಿ ಚಾಕುವಿನ ಮೊನೆಯಿಂದ ಗೀರಿ ಬಣ್ಣದ ಪದರ ಎಣಿಸಿದ. ಹಸಿರು, ಅದರಡಿ ಕೆಂಪು, ಅದರಡಿ ಕಬ್ಬಿಣ. ಇಂಥದ್ದು ಅವನ ಕೈಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಇನ್ನು ಉಳಿದದ್ದು ಒಂದೇ ಪರೀಕ್ಷೆ. ಎಳೆದಾಗ ಹೀರುವ ಒಳಗಿನ ಚರ್ಮದ ವಾಷರಿಗೆ ಇನ್ನೂ ಜೀವವಿದ್ದರೆ ಬೆಲೆ ಎರಡು ಪಟ್ಟು.

ಓಡೆಲ್ ನೆರಳಿನಲ್ಲಿ ನಿಂತೇ ಹೇಳಿದ: "ಮೂವತ್ತೈದನೇ ಇಸವಿ. ನಂಗೆ ಒಂಬತ್ತು ವರ್ಷ. ಆರ್ಕನ್ಸಾ ಗುಡ್ಡದ ಕಡೆಯೋಳು ಒಬ್ಬಳು ಬಂದ್ಲು, ಮಡಿಲಲ್ಲಿ ಕೂಸು. ಅದಕ್ಕೆ ಉಸಿರು ಎಳೀತಿತ್ತು. ಡಾಕ್ಟರು ಮುಂದಿನ ಊರಲ್ಲಿ. ಅಪ್ಪ ಅವಳ ಕಾರಿಗೆ ಅಂತ ಏಳು ಗ್ಯಾಲನ್ ಗಾಜಿಗೆ ಎತ್ತಿದ್ರು. ಅಷ್ಟರಲ್ಲಿ ಬಡಗಣ ಕಡೆಯಿಂದ ಧೂಳು ಕರೀ ಗೋಡೆ ಹಾಗೆ ಎದ್ದು ಬಂತು. ಬಿರುಗಾಳಿ ಬಂದ್ರೆ ಗಾಜು ಖಾಲಿ ಮಾಡಬೇಕು ಅನ್ನೋದು ಪಂಪಿನೋರ ಪದ್ಧತಿ. ಒಡೆದ್ರೆ ಬೆಂಕಿ. ಅಪ್ಪ ಕೀಲಿ ತಿರುಗಿಸಿ ಎಲ್ಲಾನೂ ತೊಟ್ಟಿಗೆ ವಾಪಸ್ ಇಳಿಸಿದ್ರು. ಗಾಳಿ ನಿಂತ ಮೇಲೆ ಹಾಕ್ತೀನಿ ತಾಯಿ, ಅಂದ್ರು."

"ಮತ್ತೆ?"

"ಗಾಳಿ ನಾಲ್ಕು ಗಂಟೆ ನಿಲ್ಲಲಿಲ್ಲ. ಕೂಸಿನ ಉಸಿರು ನಿಂತೋಯ್ತು. ಅವಳು ಅದರ ಮೂರು ಕೂದಲು ಕಿತ್ತು ಒಂದು ಮೊಳೆಗೆ ಸುತ್ತಿ ಗಂಟು ಹಾಕಿದ್ಲು. ನೀಲಿ ಸೀಸೆಗೆ ಹಾಕಿ, ಅದರೊಳಗೆ ಉಗಿದು, ತೊಟ್ಟಿ ಬಾಯೊಳಗೆ ಬಿಟ್ಲು. 'ನಾನು ನೋಡ್ತಿದ್ದ ಹಾಗೇ ನನ್ನ ಪಾಲು ಇಳಿಸಿದೆ. ನೀನು ನೋಡ್ತಿದ್ದ ಹಾಗೇ ನಿಂದೂ ಇಳೀಲಿ' ಅಂದ್ಲು. ಮಾರನೇ ದಿನ ಅಪ್ಪ ಹಿಡಿ ಎಳೆದು, ಮತ್ತೆ ಇಳಿಸಿದ್ರು. ಆಮೇಲೆ ಮೂವತ್ತೊಂದು ವರ್ಷ ಬದುಕಿದ್ರು. ನನ್ನ ಹೆಸರು ಮರೀಲಿಲ್ಲ. ಕರೆಯೋ ಮನಸ್ಸಷ್ಟೇ ಹೋಗಿತ್ತು."

"ತೊಟ್ಟಿ ಈಗೇನಾಗಿದೆ?"

"ಮರಳು ತುಂಬ್ಸಿದೀನಿ. ಬಾಯಿವರೆಗೂ."

"ಮರಳಿಂದ ಏನು ಬರುತ್ತೆ ತಾತ, ಮರಳೇ ತಾನೇ," ಎಂದು ವರ್ನನ್ ನಕ್ಕ. ಓಡೆಲ್ ಟ್ರಕ್ಕಿನ ಕಡೆ ತಿರುಗಿದ. "ಅಮ್ಮಾ, ಬಿಸಿಲು. ಒಳಗೆ ಬನ್ನಿ, ತಣ್ಣಗೆ ಟೀ ಇದೆ," ಎಂದು ಲೊರೆಟಾಳನ್ನು ಕರೆದುಕೊಂಡು ಹೋದ.

ವರ್ನನ್ ಒಬ್ಬನೇ ಉಳಿದ. ಹಿಡಿ ಹಿಡಿದ. ಎಳೆದ.

ಕಬ್ಬಿಣ ನರಳಿತು. ಎರಡನೆಯ ಎಳೆತಕ್ಕೆ ಒಳಗೆಲ್ಲೋ ಒಣ ಚರ್ಮ ಚಪ್ಪರಿಸಿದ ಸದ್ದು. ಮೂರನೆಯದಕ್ಕೆ ಹಿಡಿ ಭಾರವಾಯಿತು. ಬಾವಿಯಲ್ಲಿ ಕೊಡ ಮುಳುಗಿದಾಗ ಹಗ್ಗ ಭಾರವಾಗುವ ಹಾಗೆ. ಗಾಜಿನ ತಳದಲ್ಲಿ ಏನೋ ಚಿಮ್ಮಿತು. ಮರಳಲ್ಲ. ತೆಳುವಾದ, ಜೇನಿನ ಬಣ್ಣದ್ದು. ಮೊದಲು ಪೆಟ್ರೋಲಿನ ವಾಸನೆ. ಆಮೇಲೆ ಒದ್ದೆ ಧೂಳಿನದು. ಆಮೇಲೆ ಕೂಸು ಕಕ್ಕಿದ ಹಾಲಿನ ಹುಳಿ ವಾಸನೆ. ಅವನು ನಿಲ್ಲಿಸಬೇಕಿತ್ತು. ಕೈ ನಿಲ್ಲಲಿಲ್ಲ. ಒಂದು. ಎರಡು. ನಾಲ್ಕು. ಆರು. ಏಳನೆಯ ಬಿಲ್ಲೆ ಮುಟ್ಟಿ ಅದು ತಾನಾಗಿಯೇ ನಿಂತಿತು. ಬಿಸಿಲು ಹಾಗೇ ಇತ್ತು, ಆದರೆ ಗಾಜಿನ ಸುತ್ತ ಒಂದು ಮಾರು ಜಾಗದಲ್ಲಿ ಬೆಳಕು ಮಸಿಯಾಗಿತ್ತು. ಆ ಮಸಿಯೊಳಗೆ ಯಾರೋ ಸಣ್ಣಗೆ, ಕಷ್ಟಪಟ್ಟು ಉಸಿರೆಳೆಯುತ್ತಿದ್ದರು.

ಪಂಪು ಕಟ್ಟಿ ಬಿಚ್ಚಿ ಪಳಗಿದವನು ಗಾಜಿನಲ್ಲಿ ಎಂದೂ ಪೆಟ್ರೋಲು ಬಿಡುವುದಿಲ್ಲ. ಕಲೆ ಕೂರುತ್ತದೆ, ಬೆಲೆ ಇಳಿಯುತ್ತದೆ. ಪರೀಕ್ಷೆ ಮುಗಿದರೆ ಕೀಲಿ ತಿರುಗಿಸಿ ವಾಪಸ್ ಇಳಿಸುವುದು. ಹೆದರಿದ ಮನುಷ್ಯನ ಕೈ ತನಗೆ ಗೊತ್ತಿದ್ದನ್ನೇ ಮಾಡುತ್ತದೆ. ವರ್ನನ್ ಕೀಲಿ ತಿರುಗಿಸಿದ.

ಏಳರಿಂದ ಆರು. ಬೆರಳ ತುದಿಗಳು ಸತ್ತವು.

ಐದು. ಹಾಲಿನ ವಾಸನೆ ಹೋಯಿತು. ಎಲ್ಲ ವಾಸನೆಯೂ ಹೋಯಿತು.

ನಾಲ್ಕು. ಭಯ ಹೋಯಿತು.

"ಮುಚ್ಚೋ! ಕೀಲಿ ಮುಚ್ಚೋ!" ಓಡೆಲ್ ಬಾಗಿಲಲ್ಲಿ ಕೂಗುತ್ತಿದ್ದ. ವರ್ನನ್‌ಗೆ ಕೇಳಿಸುತ್ತಿತ್ತು. ಮುಚ್ಚಬಹುದಿತ್ತು. ಕೈ ಕೀಲಿಯ ಮೇಲೇ ಇತ್ತು. ಅಷ್ಟರಲ್ಲಿ ಎದೆಗೂಡಿನ ಕೆಳಗಿನ ಕಲ್ಲು ಅಲುಗಾಡಿತು. ಐದು ತಿಂಗಳಲ್ಲಿ ಮೊದಲ ಸಲ. ಅಲುಗಿತು, ಸಡಿಲವಾಯಿತು, ಇಳಿಯತೊಡಗಿತು. ಮಗಳ ನಗು ಇಳಿಯಿತು. ಆಸ್ಪತ್ರೆಯ ಹಸಿರು ಪರದೆ ಇಳಿಯಿತು. ಎಷ್ಟು ಹಗುರ. ಎಷ್ಟು ಸುಖ. ಅವನು ಕೀಲಿ ಹಿಡಿದುಕೊಂಡೇ ನೋಡುತ್ತ ನಿಂತ.

ಮೂರು.

"ವರ್ನ್! ಬಿಡು!" ಲೊರೆಟಾ ಓಡಿಬಂದಳು. ಅವನ ಮುಖ ನೋಡಿದಳು. ಕೀಲಿಯ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಬಿಡಲಿಲ್ಲ. ಕಚ್ಚಿದಳು. ರಕ್ತ ಬಂತು, ಅವನಿಗೆ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಕೀಲಿ ತಿರುವಿ ಮುಚ್ಚಿದಳು.

ಎರಡು. ನಿಂತಿತು.

ಮಸಿ ಬೆಳಕು ಕರಗಿತು. ಗಾಜಿನಲ್ಲಿ ಉಳಿದದ್ದು ನೋಡನೋಡುತ್ತಲೇ ಒಣಗಿತು.

"ಬಿಡು ಅಂದೆನಲ್ಲ, ಯಾಕೆ ಬಿಡಲಿಲ್ಲ?" ಎಂದಳು, ಏದುಸಿರಿನಲ್ಲಿ.

"ಚೆನ್ನಾಗಿತ್ತು," ಎಂದ ವರ್ನನ್.

ಓಡೆಲ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಅಪ್ಪನದು ಏಳೂ ಹೋಗಿತ್ತಮ್ಮಾ," ಎಂದ ಅವಳಿಗೆ. "ಎರಡು ಉಳಿದೋರನ್ನ ನಾನು ಕಂಡಿಲ್ಲ. ಏನು ಉಳಿದಿದೆಯೋ ನೀವೇ ನೋಡ್ಬೇಕು."

ಉಳಿದದ್ದು ಹಸಿವು, ಮತ್ತು ಕೇಳಿದ್ದಕ್ಕೆ ಉತ್ತರ ಕೊಡುವ ಬುದ್ಧಿ. ಊರಿಗೆ ಮರಳಿದ ಮೇಲೆ ವರ್ನನ್ ತಾನಾಗಿಯೇ ಮಗಳ ಕೋಣೆಯ ಬಾಗಿಲು ತೆರೆದ. ಅವಳ ಹೆಸರು ಹೇಳಿದ. ಲೊರೆಟಾ ಕೇಳಿದಷ್ಟೂ ಮಾತಾಡಿದ. ಹುಟ್ಟಿದ ದಿನ, ಮೊದಲ ಹಲ್ಲು, ಕೊನೆಯ ರಾತ್ರಿ ಅವಳು ಕೇಳಿದ ನೀರು. ತಯಾರಕರ ತಗಡು ಓದುವ ಹಾಗೆ ಓದಿದ. ಒಂದೂ ತಪ್ಪಿಲ್ಲ. ಲೊರೆಟಾ ಅವನ ಎದುರು ಕೂತು ಅತ್ತಳು. ಅವನು ಅವಳು ಮುಗಿಸುವವರೆಗೆ ಕಾದು, ಊಟಕ್ಕೆ ಏನಿದೆ ಎಂದು ಕೇಳಿದ.

ಮೂರು ವಾರ ಅವಳು ನೋಡಿದಳು. ಆಮೇಲೆ ಪೆಟ್ಟಿಗೆ ಕಟ್ಟಿದಳು. ಅದು ಭಾರವಿತ್ತು, ವರ್ನನ್ನೇ ಕಾರಿನವರೆಗೆ ಹೊತ್ತು ತಂದ. "ಏನಾದ್ರೂ ಹೇಳು, ವರ್ನ್," ಎಂದಳು. ಅವನು ಯೋಚಿಸಿ, ಹಿಂದಿನ ಎಡಗಡೆ ಗಾಲಿಯಲ್ಲಿ ಗಾಳಿ ಕಡಿಮೆಯಿದೆ ಎಂದ. ಲೊರೆಟಾ ತಂಗಿಯ ಮನೆಗೆ ಹೊರಟುಹೋದದ್ದು ಅಕ್ಟೋಬರ್ ಮೂರನೆಯ ತಾರೀಕು, ಗುರುವಾರ.