ಜರಡಿರಾಯನ ಮೂಗು

"ಎಕ್ಸ್‌ಕ್ಯೂಸ್ ಮಿ... ಆ ಮೂಗು ನಂದು."

ಡ್ರೆಸ್ಡೆನ್‌ನ ತುಂಬಿದ ಟ್ರಾಮಿನಲ್ಲಿ ಗುರುತಿಲ್ಲದ ಹುಡುಗನೊಬ್ಬ ಕನ್ನಡದಲ್ಲಿ ಹೀಗೆಂದಾಗ, ಸೃಷ್ಟಿ ಮೊದಲು ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡಳು.

ಅವನು ಬೆರಳು ಮಾಡಿದ್ದು ಅವಳ ಮಡಿಲಲ್ಲಿದ್ದ ಗೊಂಬೆಯ ಕಡೆಗೆ. ಹಿಟ್ಟಿನ ಜರಡಿಯ ಮುಖ, ಕೋಟಿನ ಗುಂಡಿಯ ಕಣ್ಣು, ಹಳೇ ಸಾಕ್ಸಿನ ಪೇಟ, ನಟ್ಟನಡುವೆ ಹಿತ್ತಾಳೆ ಸೌಟಿನ ಮೂಗು. ಹೆಸರು ಜರಡಿರಾಯ. ಸೃಷ್ಟಿ ಅವನಿಗೆ ಪಿಸುದನಿಯಲ್ಲಿ ಡೈಲಾಗ್ ಹೇಳಿಕೊಡುತ್ತಿದ್ದಳು. ಆ ಕನ್ನಡ ಕೇಳಿಯೇ ಹುಡುಗ ತಿರುಗಿ ನೋಡಿದ್ದ.

ಈಗ ಅವನು ಜೇಬಿನಿಂದ ಪೆನ್ನು ತೆಗೆದು, ಕೇಳದೆಯೇ ಮೂಗಿನ ಮೇಲೆ ತಟ್ಟಿದ.

ಟಿಣ್...

ದನಿ ಎಷ್ಟು ಹೊತ್ತು ನಿಂತಿತೆಂದರೆ, ಎದುರು ಕೂತಿದ್ದ ಜರ್ಮನ್ ಅಜ್ಜಿ ಪುಸ್ತಕದಿಂದ ತಲೆ ಎತ್ತಿದರು.

"ಕೇಳಿದ್ರಾ? ಸರಿಗಮದ 'ಸ'. ಈ ಸೌಟಿಗೋಸ್ಕರ ಚಳಿಗಾಲ ಪೂರ್ತಿ ಹಳೇ ಸಾಮಾನಿನ ಮಾರ್ಕೆಟ್ ಸುತ್ತಿದೀನಿ ರೀ."

ಕಳ್ಳಿ ಅಂದುಕೊಂಡನಾ ನನ್ನ? ಸೃಷ್ಟಿಯ ಕಿವಿ ಬಿಸಿಯಾಯಿತು. ಆದರೆ... ಬೈಯುವವನ ಕಣ್ಣು ಹೀಗೆ ನಗುತ್ತದಾ?

ಅವನ ಹೆಸರು ತಿರುಮಲೇಶ, ಚಿತ್ರದುರ್ಗದವನು, ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ. ಸಂಜೆಯಾದರೆ ಪಾತ್ರೆ, ಸೌಟು, ಮುಚ್ಚಳಗಳನ್ನು ಸಾಲಾಗಿ ತೂಗುಹಾಕಿ ಅವುಗಳಲ್ಲಿ ಸ್ವರ ನುಡಿಸುವ ಹುಚ್ಚು. ಹಾಗೆ ಕೂಡಿಸಿದ ಒಂದು ಡಬ್ಬ ಸಾಮಾನು ಹೋದ ತಿಂಗಳು ಅವನ ಮನೆ ಮುಂದಿನಿಂದಲೇ ಮಾಯವಾಗಿತ್ತು.

ಮಾಯವಾಗಿರಲಿಲ್ಲ. ಸೃಷ್ಟಿ ಎತ್ತಿಕೊಂಡು ಹೋಗಿದ್ದಳು.

ಈ ಊರಿನಲ್ಲಿ ಬೇಡದ ಸಾಮಾನನ್ನು ರಟ್ಟಿನ ಡಬ್ಬದಲ್ಲಿ ಹಾಕಿ, 'ತ್ಸು ಫೆರ್ಶೆಂಕೆನ್' ಎಂದು ಬರೆದು ಫುಟ್‌ಪಾತ್‌ನಲ್ಲಿ ಇಡುತ್ತಾರೆ. ಬಿಟ್ಟಿ, ಬೇಕಾದವರು ತಗೊಂಡು ಹೋಗಿ ಅಂತ. ಆ ಡಬ್ಬಗಳೆಂದರೆ ಸೃಷ್ಟಿಗೆ ಪ್ರಾಣ. ಚಿಪ್ ಫ್ಯಾಕ್ಟರಿಯಲ್ಲಿ ಅವಳ ಕೆಲಸ. ದಿನವಿಡೀ ಬಿಳಿ ಸೂಟಿನೊಳಗೆ, ಒಂದು ಕಣ ಧೂಳೂ ಇರಬಾರದ ಕೋಣೆಯಲ್ಲಿ ಇದ್ದು ಹೊರಬಂದಾಗ ಮುರಿದ ಛತ್ರಿ, ತುಕ್ಕು ಹಿಡಿದ ತುರಿಮಣೆ ಕಂಡರೂ ಅವಳಿಗೆ ಯಾರದೋ ಮುಖ ಕಂಡಂತಾಗುತ್ತಿತ್ತು.

"ಡಬ್ಬದ ಮೇಲೆ ಬರೆದಿತ್ತು. ನಾನು ಓದೇ ತಗೊಂಡಿದ್ದು," ಎಂದಳು.

"ಏನೂ ಬರೆದಿರ್ಲಿಲ್ಲ. ಸೈಕಲ್‌ಗೆ ಕಟ್ಟೋಕೆ ಹಗ್ಗ ತರೋಣ ಅಂತ ಮೇಲೆ ಹೋಗಿ ಬಂದೆ, ಅಷ್ಟರಲ್ಲಿ..."

"ಬರೆದಿತ್ತು."

"ಇರ್ಲಿಲ್ಲ ರೀ."

ಅವನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಅವಳದೂ!

ಉಳಿದ ಗೊಂಬೆಗಳಿದ್ದದ್ದು ಶಾಮಲಾ ಆಂಟಿಯ ಮನೆಯ ನೆಲಮಾಳಿಗೆಯಲ್ಲಿ. ಆಂಟಿ ಡಾಕ್ಟರು, ಈ ಊರಿಗೆ ಬಂದು ದಶಕಗಳೇ ಆಗಿವೆ. ಇಲ್ಲಿನ ಕನ್ನಡ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತಾರೆ. ಎರಡು ವಾರ ಬಿಟ್ಟು ಆ ಮಕ್ಕಳ ಮುಂದೆ ಜರಡಿರಾಯನ ಆಟ. ಸೃಷ್ಟಿ ತಾನು ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸುವುದು ಇದೇ ಮೊದಲು.

ತಿರುಮಲೇಶ ಅವಳ ಜೊತೆ ನೆಲಮಾಳಿಗೆಗೆ ಇಳಿದು, ತನ್ನ ಮುಚ್ಚಳಗಳೆಲ್ಲ ಆಮೆ, ಸಿಪಾಯಿ, ಚಂದ್ರ ಆಗಿರುವುದನ್ನು ನೋಡುತ್ತ ನಿಂತುಬಿಟ್ಟ. ವಾಪಸ್ ಬೇಕಾದರೆ ಬಿಚ್ಚಿ ಕೊಡುತ್ತೇನೆ ಎಂದಳು ಸೃಷ್ಟಿ.

ಅವನು ಆಮೆಯ ಬೆನ್ನು ತಟ್ಟಿದ. "ಬೇಡ. ನಂಗಿಷ್ಟು ದಿನ ಇದರ ದನಿ ಮಾತ್ರ ಕೇಳಿಸ್ತಿತ್ತು. ಇದಕ್ಕೊಂದು ಮುಖ ಇದೆ ಅಂತ ಗೊತ್ತೇ ಇರ್ಲಿಲ್ಲ."

ಅಂದಿನಿಂದ ಅವನು ದಿನಾ ಬರತೊಡಗಿದ. ಅವಳು ಗೊಂಬೆ ಆಡಿಸುವಳು, ಅವನು ಅದೇ ಗೊಂಬೆಗಳನ್ನು ತಟ್ಟಿ ನುಡಿಸುವನು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಶಾಮಲಾ ಆಂಟಿಗೆ ತಿಳಿದಿತ್ತು. ಮೆಟ್ಟಿಲ ಮೇಲೆ ನಿಂತು, ಪಾತ್ರೆ ಸದ್ದಿಗಿಂತ ನಗುವಿನ ಸದ್ದೇ ಜಾಸ್ತಿ ಆಯ್ತು ಕಣ್ರೋ ಎಂದು ರೇಗಿಸುತ್ತಿದ್ದರು.

ತಟ್ಟಿ ತಟ್ಟಿ ಶುಕ್ರವಾರ ಜರಡಿರಾಯನ ಮೂಗು ಸಡಿಲವಾಯಿತು. ಅಂಟು ಹಾಕಿ ತರುತ್ತೇನೆಂದು ತಿರುಮಲೇಶ ಅವನನ್ನು, ಸೃಷ್ಟಿ ಸಾಮಾನು ಹೊತ್ತು ತಂದಿದ್ದ ಅದೇ ಹಳೇ ಡಬ್ಬದಲ್ಲಿ ಕೂರಿಸಿ ಸೈಕಲ್ ಹತ್ತಿದ.

ಶನಿವಾರ ಬೆಳಿಗ್ಗೆ ಸೃಷ್ಟಿ ಬಿಸಿಬಿಸಿ ಬ್ರೆಡ್ಡು ತಗೊಂಡು, ಹೇಳದೆ ಕೇಳದೆ ಅವನ ಮನೆಗೆ ಹೊರಟಳು. ಇವತ್ತಾದರೂ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕು...

ಅವನ ಬಾಗಿಲ ಮುಂದೆ, ಫುಟ್‌ಪಾತ್‌ನಲ್ಲಿ, ಜರಡಿರಾಯ ಡಬ್ಬದಲ್ಲಿ ಕೂತಿದ್ದ. ಡಬ್ಬದ ಮೇಲೆ ದಪ್ಪ ಅಕ್ಷರ.

ತ್ಸು ಫೆರ್ಶೆಂಕೆನ್.

ಬಿಟ್ಟಿ. ಬೇಕಾದವರು ತಗೊಂಡು ಹೋಗಿ.

ಸೃಷ್ಟಿಯ ಕಾಲು ಅಲ್ಲೇ ನಿಂತಿತು. ಡಬ್ಬದ ಮೇಲೆ ಬರೆದಿದೆ ಅಂತ ನಾನೇ ಹೇಳಿದ್ದೆನಲ್ಲ, ಗೊತ್ತಿದ್ದೇ ಇಟ್ಟನಾ? ಇಷ್ಟೇನಾ ನಾನು ಇವನಿಗೆ? ಬೇಡ ಅಂದಿದ್ದರೆ ನಾನೇ ತಗೊಂಡು ಹೋಗುತ್ತಿದ್ದೆನಲ್ಲ... ಬೀದಿಗೆ ಇಡಬೇಕಿತ್ತಾ?

ಗೊಂಬೆಯನ್ನು ಎದೆಗೊತ್ತಿಕೊಂಡು ತಿರುಗಿ ನೋಡದೆ ನಡೆದಳು. ಡಬ್ಬ ಅಲ್ಲೇ ಉಳಿಯಿತು. ಅವನ ಫೋನು ಬರುತ್ತಲೇ ಇತ್ತು. ಅವಳು ಎತ್ತಲಿಲ್ಲ. ಸಂಜೆ ಆಂಟಿಗೆ ಫೋನು ಮಾಡಿ, ಹುಷಾರಿಲ್ಲ, ನಾಳೆ ಆಟ ಬೇಡ ಎಂದಳು.

"ಜ್ವರ ಇದ್ಯಾ? ಇಲ್ಲ ತಾನೆ? ಹಾಗಾದ್ರೆ ಮಕ್ಕಳ ಮುಖ ನೋಡಿ ನೀನೇ ಹೇಳು ಬಾ," ಎಂದು ಆಂಟಿ ಫೋನಿಟ್ಟರು.

ಭಾನುವಾರ ಅವಳು ಜರಡಿರಾಯನನ್ನು ಚೀಲದಲ್ಲಿ ಹಾಕಿಕೊಂಡು ಹೊರಟಳು. ಹೇಳಿ ಬಂದುಬಿಡುವುದು, ಅಷ್ಟೇ. ಟ್ರಾಮ್ ಸ್ಟಾಪಿನ ಕಂಬದಲ್ಲಿ ಯಾರದೋ ಬೆಕ್ಕು ಕಳೆದುಹೋದ ಪೋಸ್ಟರು. ಅದರ ಪಕ್ಕದಲ್ಲಿ...

ಜರಡಿರಾಯನ ಫೋಟೋ! ಮೇಲೆ ಜರ್ಮನ್, ಕೆಳಗೆ ಕನ್ನಡ.

'ಕಾಣೆಯಾಗಿದ್ದಾನೆ. ಜರಡಿ ಮುಖ, ಸೌಟಿನ ಮೂಗು. ತಟ್ಟಿದರೆ ಸ ಅನ್ನುತ್ತಾನೆ. ಹುಡುಕಿಕೊಟ್ಟವರಿಗೆ ಬಿಸಿಬೇಳೆಬಾತ್. ದಯವಿಟ್ಟು ಕೊಟ್ಟುಬಿಡಿ, ಅವನು ನನ್ನವನಲ್ಲ, ಸೃಷ್ಟಿಯವನು.'

ಮುಂದಿನ ಕಂಬದಲ್ಲೂ ಅದೇ. ಬೇಕರಿ ಬಾಗಿಲಲ್ಲೂ ಅದೇ. ಈ ಬೀದಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆಂದು ಬರೆದನೋ! ಸೃಷ್ಟಿಗೆ ಅಳುವೂ ಬಂತು, ನಗುವೂ ಬಂತು.

ಪಾಠದ ಹಾಲ್‌ನಲ್ಲಿ ಆಂಟಿಯ ಸೀರೆಯೇ ಪರದೆ. ಅದರ ಹಿಂದೆ ತಿರುಮಲೇಶ ಖಾಲಿ ಡಬ್ಬ ಹಿಡಿದು ನಿಂತಿದ್ದ. ಕಣ್ಣು ಕೆಂಪಗಿತ್ತು.

"ಸೃಷ್ಟಿ, ಒಂದು ವಿಷಯ... ಅಂಟು ಬಿಸಿಲಲ್ಲಿ ಒಣಗ್ಲಿ ಅಂತ ಹೊರಗಿಟ್ಟಿದ್ದೆ. ಟೀ ಮಾಡ್ಕೊಂಡು ಬರೋಷ್ಟರಲ್ಲಿ ಯಾರೋ..."

ಅವಳು ಚೀಲದಿಂದ ಜರಡಿರಾಯನನ್ನು ತೆಗೆದಳು. ಆಮೇಲೆ ಡಬ್ಬವನ್ನು ಅವನ ಕೈಯಲ್ಲೇ ತಿರುಗಿಸಿದಳು.

ಅವನು ಓದಿದ. ಇನ್ನೊಮ್ಮೆ ಓದಿದ.

"ಅಯ್ಯೋ... ಈ ಡಬ್ಬಾನೂ ನಾನು ಫುಟ್‌ಪಾತ್‌ನಿಂದಲೇ ತಂದಿದ್ದು. ಈ ಕಡೆ ನೋಡೇ ಇಲ್ಲ ಕಣೇ."

"ಬರೆದಿತ್ತು ಅಂದೆ ತಾನೆ ಅವತ್ತೇ?"

"ಬರೆದಿತ್ತು. ಒಪ್ಕೊಂಡೆ."

ಪರದೆಯಾಚೆಯಿಂದ, ಒಳಗೆ ಗೊಂಬೆ ಇದ್ಯೋ ಗಂಡ ಹೆಂಡ್ತಿ ಜಗಳ ಇದ್ಯೋ ಎಂದು ಆಂಟಿ ಕೇಳಿದರು. ಇಬ್ಬರೂ ತಟ್ಟನೆ ಕೂತು ಆಟ ಶುರುಮಾಡಿದರು. ಜರಡಿರಾಯ ಸೀನಿದ, ತಿರುಮಲೇಶ ಸೌಟಿನ ಮೂಗು ತಟ್ಟಿದ, ಟಿಣ್... ಮಕ್ಕಳು ಹೊರಳಾಡಿ ನಕ್ಕರು. ಆಟ ಮುಗಿದಾಗ ಮಕ್ಕಳು ಜರ್ಮನ್‌ನಲ್ಲಿ, ಇನ್ನೊಂದ್ಸಲ ಇನ್ನೊಂದ್ಸಲ ಎಂದು ಕಿರುಚಿದರು. ಶಾಮಲಾ ಆಂಟಿ ಮೊದಲ ಸಲ ಅವರಿಗೆ ಕನ್ನಡದಲ್ಲಿ ಕೇಳಿ ಅನ್ನುವುದನ್ನೇ ಮರೆತರು.

ಮಕ್ಕಳೆಲ್ಲ ಹೊರಟು ಹಾಲ್ ಖಾಲಿಯಾಯಿತು. ಸೀರೆ ಮಡಿಸಿಟ್ಟು ಸೃಷ್ಟಿ ತಿರುಗಿದರೆ, ತಿರುಮಲೇಶ ಡಬ್ಬದ ಆ ಬರಹದ ಪಕ್ಕೆಯನ್ನು ಹರಿದು, ದಾರ ಪೋಣಿಸಿ, ಕೊರಳಿಗೆ ಹಾಕಿಕೊಂಡು ನಿಂತಿದ್ದ.

ತ್ಸು ಫೆರ್ಶೆಂಕೆನ್.

"ಈ ಸಲ ಓದಿ, ಗೊತ್ತಿದ್ದೇ ಹಾಕ್ಕೊಂಡಿದೀನಿ," ಎಂದ. ದನಿ ಸಣ್ಣಗಿತ್ತು. "ಬೇಕಾದವರು ತಗೊಂಡು ಹೋಗಬಹುದು. ಆದ್ರೆ... ನೀನೇ ತಗೊಂಡು ಹೋಗ್ಬೇಕು ಅಂತ ಆಸೆ."

ಸೃಷ್ಟಿ, ಅವನು ಗೊಂಬೆ ತಟ್ಟುತ್ತಿದ್ದ ಮರದ ಚಮಚ ಎತ್ತಿಕೊಂಡು, ಹತ್ತಿರ ಬಂದು, ಅವನ ಹಣೆಯ ಮೇಲೆ ಮೆಲ್ಲಗೆ ತಟ್ಟಿ ಕಿವಿಗೊಟ್ಟಳು.

"ಏನು ನೋಡ್ತಿದೀಯ?"

"ದನಿ. ನೋಡದೆ ತಗೊಂಡು ಹೋಗೋಕಾಗುತ್ತಾ?"

"ಹೇಗಿದೆ?"

"ಸ್ವಲ್ಪ ಟೊಳ್ಳು," ಎಂದಳು, ಕೊರಳ ರಟ್ಟನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ. "ಪರವಾಗಿಲ್ಲ, ಇಟ್ಕೋತೀನಿ. ಇನ್ಮೇಲೆ ಮಾತ್ರ ನಿನ್ನ ಯಾರೂ ಹೊರಗಿಡೋ ಹಾಗಿಲ್ಲ."