ಕಚ್ಚಿಲ್ಲದ ಕಿವಿ

ಬೆಳಗಾಗುವಷ್ಟರಲ್ಲಿ ಮೂರು ಗಬ್ಬದ ಹಸುಗಳು ದಿನ ತುಂಬುವ ಮುಂಚೆಯೇ ಕಂದು ಹಾಕಿದ್ದವು. ಹೊಸ ಲಸಿಕೆಯ ಪರೀಕ್ಷೆಗೆಂದು ನೊಣವೂ ನುಸುಳದಂತೆ ಕಟ್ಟಿದ ಕೊಟ್ಟಿಗೆ ಅದು. ಲಸಿಕೆ ಇನ್ನೂ ಹಾಕಿರಲಿಲ್ಲ. ಯಾರೋ ಬೇಕೆಂದೇ ರೋಗ ತಂದಿದ್ದಾರೆಂದು ದೂರು. ಇನ್ಸ್‌ಪೆಕ್ಟರಮ್ಮ ಒಳಗೆ ಕಾಲಿಟ್ಟಳು. ಹಿಂದೆ ಕಬ್ಬಿಣದ ಬಾಗಿಲು ದಡಕ್ಕನೆ ಮುಚ್ಚಿತು.

“ಇನ್ನು ಏಳು ದಿನ ಯಾರೂ ಹೊರಗೆ ಹೋಗೋ ಹಾಗಿಲ್ಲ ಮೇಡಂ,” ಎಂದ ಕಾವಲುಗಾರ.

“ಒಳಗೆ ಬಿಡೋ ಮುಂಚೆ ಹೇಳಬಾರದಿತ್ತಾ?”

“ನೀವು ಕೇಳ್ಲಿಲ್ಲ.”

ಕಿರಿಯ ಡಾಕ್ಟರ್ ಅಪರಾಧಿಯನ್ನು ಆಗಲೇ ಹಿಡಿದಿಟ್ಟಿದ್ದ. ಹತ್ತೊಂಬತ್ತು ವರ್ಷದಿಂದ ಮೇವು ಹಾಕುವ ಅಕ್ಕ ನಿನ್ನೆ ಹೊರಗಿನ ಚಪ್ಪಲಿಯಲ್ಲೇ ಒಳಗೆ ಬಂದಿದ್ದಳು. “ವೈರಸ್ ಬಂದದ್ದು ಇವಳ ಕಾಲಲ್ಲಿ. ಕೇಸು ಹಾಕಿ,” ಎಂದ, ಸರ್ಟಿಫಿಕೇಟು ಓದುವ ದನಿಯಲ್ಲಿ.

“ಚಪ್ಪಲಿ ನಿಜ ಕಣಮ್ಮಾ. ಹಸು ಒದ್ದಾಡ್ತಿತ್ತು, ಓಡಿ ಬಂದೆ,” ಎಂದಳು ಅಕ್ಕ. “ನಾನು ಜೈಲಿಗೆ ಹೋದ್ರೆ ಇವನ್ನ ಯಾರು ನೋಡ್ಕೋತಾರೆ?”

* * *

ಮಧ್ಯಾಹ್ನ ರಕ್ತದ ವರದಿ ಬಂತು. ಕೊಟ್ಟಿಗೆಯ ಹನ್ನೆರಡು ದನಗಳಲ್ಲಿ ಹನ್ನೊಂದಕ್ಕೆ ಪ್ರತಿಕಾಯ ಹುಟ್ಟಿತ್ತು. ಒಂದು ಕರುವಿಗೆ ಮಾತ್ರ ಇಲ್ಲ.

“ಎರಡು ತಿಂಗಳ ಹಿಂದೆ ನಾನೇ ತಂದು ಟೆಸ್ಟಿಗೆ ಕಳಿಸಿದ್ದು. ಕ್ಲೀನ್,” ಎಂದ ಕಿರಿಯ.

ಇನ್ಸ್‌ಪೆಕ್ಟರಮ್ಮ ಆ ಹೊಸ ಲಸಿಕೆ ಕಂಡುಹಿಡಿದ ಹಿರಿಯ ಡಾಕ್ಟರತ್ತ ತಿರುಗಿದಳು. “ಪ್ರತಿಕಾಯ ಅಂದ್ರೆ?”

“ದೇಹ ವೈರಸ್ ಜೊತೆ ಜಗಳ ಆಡಿದ ಗುರುತು. ಹುಟ್ಟೋಕೆ ಎರಡು ಮೂರು ವಾರ ಬೇಕು.”

“ಹಾಗಾದ್ರೆ ನಿನ್ನೆಯ ಚಪ್ಪಲಿ ಬಿಡಿ. ಮನೆಮಂದಿಯೆಲ್ಲ ಜಗಳ ಆಡುವಾಗ ಈ ಕರು ಯಾಕೆ ಸುಮ್ಮನಿತ್ತು?”

ಹಿರಿಯರ ಮುಖ ಬಿಳಿಚಿತು. “ತಾಯಿ ಹೊಟ್ಟೇಲೇ ವೈರಸ್ ಹೊಕ್ಕಿದ್ರೆ, ದೇಹ ಅದನ್ನ ಮನೆಯವನೇ ಅಂದ್ಕೊಂಡ್ಬಿಡುತ್ತೆ. ಜಗಳಾನೇ ಇಲ್ಲ. ಸಾಯೋವರೆಗೂ ಎಲ್ಲರಿಗೂ ಹಂಚ್ತಿರುತ್ತೆ. ಅದಕ್ಕೇ ಪ್ರತಿ ದನ ತಂದಾಗ್ಲೂ ಕಿವಿಯ ಒಂದು ಚೂರು ಕತ್ತರಿಸಿ ವೈರಸ್ಸನ್ನೇ ಹುಡುಕ್ತೀವಿ. ಇದರ ಚೂರಲ್ಲಿ ಇರಲಿಲ್ಲ.”

“ಇದರ ಚೂರಾ?” ಅಕ್ಕ ಕರುವಿನ ಕಿವಿ ಸವರಿದಳು. “ಎರಡೂ ಪೂರ್ತಿ ಇದಾವಲ್ಲ ಸಾರ್. ಆ ಮೂಲೆ ಹಸುವಿನ ಕಿವೀಲಿ ಮಾತ್ರ ಎರಡು ಕಚ್ಚು.”

* * *

ಇನ್ಸ್‌ಪೆಕ್ಟರಮ್ಮ ಕರುವಿನ ಕಿವಿ ನೋಡಿದಳು, ಮೂಲೆ ಹಸುವಿನ ಕಿವಿ ನೋಡಿದಳು. ಆಮೇಲೆ ಕಿರಿಯನ ಮುಖ.

“‘ಕ್ಲೀನ್’,” ಎಂದಳು, ಅವನದೇ ಸರ್ಟಿಫಿಕೇಟು ದನಿಯಲ್ಲಿ. “ಹಸುವಿನ ಚೂರು ಕತ್ತರಿಸಿ ಕರುವಿನ ಹೆಸರಲ್ಲಿ ಕಳಿಸಿದ್ರಿ. ಕರುವಿನೊಳಗೆ ಏನಿದೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಮಾಡ್ತಾನೆ. ಕರುವಿನ ಕಿವಿಗೆ ಸುಳ್ಳು ಕಚ್ಚಾದರೂ ಹಾಕಬೇಕಿತ್ತು.”

ಕಿರಿಯ ಬಾಗಿಲು ನೋಡಿದ. ಅದು ಮುಚ್ಚಿಯೇ ಇತ್ತು.

“ನನ್ನ ಲಸಿಕೆಯನ್ನ ಮೂಲೆಗೆ ಹಾಕಿದ್ರು,” ಎಂದ, ಹಿರಿಯರನ್ನು ನೋಡದೆ. “ಅವರದೂ ಕೆಡಲಿ ಅಂತ.”

ಇನ್ಸ್‌ಪೆಕ್ಟರಮ್ಮ ಕೋಳ ತೊಡಿಸಿ ಬಾಗಿಲಿಗೆ ನಡೆಸಿದಳು. ಕಾವಲುಗಾರ ಕದಲಲಿಲ್ಲ. “ಏಳು ದಿನ ಮೇಡಂ.”

“ಅಲ್ಲೀವರೆಗೆ ಇವನನ್ನ ಎಲ್ಲಿ ಇಡ್ಲಿ?”

ಅಕ್ಕ ಕರುವಿನ ಹಗ್ಗ ಬಿಚ್ಚಿಕೊಂಡಳು. “ಇದನ್ನ ಆ ಕಡೆ ಒಂಟಿ ಗೂಡಲ್ಲಿ ಕಟ್ತೀನಮ್ಮಾ. ಪಾಪ, ಇದಕ್ಕೇನು ಗೊತ್ತು. ಪಕ್ಕದ ಗೂಡು ಖಾಲಿ ಇದೆ.”